ಮಂಜುಗಡ್ಡೆಯ ಮೇಲಣ ಕಲ್ಲಾಟ

ಆಟವು ಮನುಷ್ಯನಿಗೆ ಅನ್ನ ನೀರುಗಳಷ್ಟೇ ಸಹಜವಾದುದು. ಆದರೆ ಯಾವ ನಾಡಿನ ಜನರು ಯಾವ ಆಟವನ್ನು ಆಡುವರೆಂಬುದನ್ನು ಆ ನಾಡಿನ ನೆಲ, ಹವೆ ಹಾಗೂ ಕೈಗೆ ಸುಲಭವಾಗಿ ಸಿಕ್ಕುವ ವಸ್ತುಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ. ಕವಡೆಯೂ ಸೀಳಿದ ಹುಣಿಸೆಬೀಜವೂ ಇದ್ದಲ್ಲಿ ಚೌಕಾಬಾರವು ಬೆಳೆಯಿತು. ಒಡೆದ ಹೆಂಚಿನ ಚೂರು ಕುಂಟೆಬಿಲ್ಲೆಗೆ ಬಿಲ್ಲೆಯಾಯಿತು. ಚಪ್ಪಟೆ ಕಲ್ಲುಗಳ ರಾಶಿ ಲಗೋರಿಯಾಯಿತು. ಹಾಗಾದರೆ ವರ್ಷದಲ್ಲಿ ಕೆಲವು ತಿಂಗಳ ಕಾಲ ನೆಲವೇ ಕಾಣದಂತೆ ಮಂಜು ಕವಿಯುವ, ಕೆರೆಯ ನೀರು ಕಲ್ಲಿನಂತೆ ಗಟ್ಟಿಯಾಗುವ ನಾಡಿನಲ್ಲಿ ಜನರು ಏನನ್ನು ಆಡಿಯಾರು? ಅಂಥ ನಾಡಿನ ಜನರು ಮಂಜುಗಡ್ಡೆಯನ್ನೇ ಅಂಕಣವನ್ನಾಗಿಯೂ ಕಲ್ಲನ್ನೇ ಚೆಂಡನ್ನಾಗಿಯೂ ಮಾಡಿಕೊಂಡರು. ಆ ಆಟಕ್ಕೆ ಕರ್ಲಿಂಗ್ ಎಂದು ಹೆಸರು.

ನಮ್ಮ ನಾಡಿನವರಿಗೆ ಈ ಆಟವು ಅಪರಿಚಿತವಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಬೆಂಗಳೂರು ನಗರವು ತಂಪು ಹವೆಗೆ ಹೆಸರಾದುದು. ಆದರೂ ಅಲ್ಲಿ ಈವರೆಗೆ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ ತಿಂಗಳಿನ ಮಾತು. ನೀರು ಗಡ್ಡೆಕಟ್ಟಬೇಕಾದರೆ ಉಷ್ಣಾಂಶವು ಸೊನ್ನೆಗೆ ಇಳಿಯಬೇಕು. ಆದುದರಿಂದ ಹಲಸೂರಿನ ಕೆರೆಯಾಗಲಿ, ಮಾರತ್ತಹಳ್ಳಿಯ ಆಸುಪಾಸಿನ ಬೆಳ್ಳಂದೂರು, ವರ್ತೂರು ಕೆರೆಗಳಾಗಲಿ ಗಡ್ಡೆಕಟ್ಟಿ, ಅವುಗಳ ಮೇಲೆ ಮಕ್ಕಳು ನಡೆದಾಡುವ ದಿನ ಬರುವುದಿಲ್ಲ. ಆದರೆ ಕರ್ಲಿಂಗ್ ಆಟದ ಒಳತಿರುಳು ನಮಗೆ ಹೊಸದೇನಲ್ಲ. ಗೋಲಿಯಾಟದಲ್ಲಿ ಎದುರಾಳಿಯ ಗೋಲಿಯನ್ನು ಹೊಡೆದು ದೂರ ಸರಿಸುವ ಜಾಣ್ಮೆ, ಕೇರಂ ಹಲಗೆಯ ಮೇಲೆ ಪುಡಿಯನ್ನು ಉದುರಿಸಿ ಕಾಯಿಗಳು ನುಣುಪಾಗಿ ಜಾರುವಂತೆ ಮಾಡುವ ಉಪಾಯ, ಇವೆರಡನ್ನೂ ಬಲ್ಲವನಿಗೆ ಈ ಆಟದ ಅರ್ಧ ಭಾಗವು ಆಗಲೇ ತಿಳಿದಂತೆ.

ಕರ್ಲಿಂಗ್ ಆಟದ ತವರು ಸ್ಕಾಟ್ಲೆಂಡ್. ಅಲ್ಲಿಯ ಪೇಯ್ಸ್‌ಲಿ ಎಂಬ ಊರಿನ ಮಠದಲ್ಲಿ ಸನ್ಯಾಸಿಯೊಬ್ಬನಿಗೂ ಮಠಾಧಿಪತಿಯ ಪ್ರತಿನಿಧಿಗೂ ನಡುವೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಪಂಥ ನಡೆದುದನ್ನು 1541ರ ಸುಮಾರಿನ ದಾಖಲೆಯೊಂದು ತಿಳಿಸುತ್ತದೆ. 1511 ಎಂಬ ವರ್ಷವನ್ನು ಕೆತ್ತಿದ ಆಟದ ಕಲ್ಲೊಂದು ಕೂಡ ಅಲ್ಲಿ ದೊರೆತಿದೆ. ಮೊದಮೊದಲು ಹೊಳೆಯಲ್ಲಿ ನೀರಿನ ಸೆಳೆತಕ್ಕೆ ಸವೆದು ನುಣುಪಾದ ಕಲ್ಲುಗಳನ್ನೇ ಜನರು ಬಳಸುತ್ತಿದ್ದರು. ಒಂದೊಂದು ಊರಿನಲ್ಲಿ ಒಂದೊಂದು ಬಗೆಯ ಕಲ್ಲು, ಒಂದೊಂದು ಬಗೆಯ ನಿಯಮ. 1838ರಲ್ಲಿ ಎಡಿನ್‌ಬರೋ ನಗರದಲ್ಲಿ ಸಂಘವೊಂದು ಸ್ಥಾಪಿತವಾಗಿ, ನಿಯಮಗಳನ್ನು ಏಕರೂಪಕ್ಕೆ ತಂದಿತು. 1842ರಲ್ಲಿ ವಿಕ್ಟೋರಿಯಾ ರಾಣಿಯು ಸ್ಕಾಟ್ಲೆಂಡಿಗೆ ಭೇಟಿಯಿತ್ತಾಗ, ಅದು ಮಂಜುಗಡ್ಡೆಯ ಕಾಲವಲ್ಲದ ಕಾರಣ, ಅರಮನೆಯೊಂದರ ನುಣುಪಾದ ನೆಲದ ಮೇಲೆಯೇ ಆಟವನ್ನು ಆಡಿ ತೋರಿಸಲಾಯಿತು. ಸ್ಕಾಟ್ಲೆಂಡಿನಿಂದ ವಲಸೆ ಹೋದವರು ಈ ಆಟವನ್ನು ಕೆನಡಾ ದೇಶಕ್ಕೆ ಕೊಂಡೊಯ್ದರು. 1807ರಲ್ಲಿಯೇ ಮಾಂಟ್ರಿಯಲ್ ನಗರದಲ್ಲಿ ಕರ್ಲಿಂಗ್ ಸಂಘವು ಆರಂಭವಾಯಿತು. ದೀರ್ಘವಾದ ಚಳಿಗಾಲವುಳ್ಳ ಆ ದೇಶದಲ್ಲಿ ಆಟವು ತವರಿಗಿಂತಲೂ ಹುಲುಸಾಗಿ ಬೆಳೆಯಿತು.

ಆಟದ ಕಲ್ಲನ್ನು ನೋಡಿದವರಿಗೆ ನಮ್ಮ ಬೀಸುವ ಕಲ್ಲಿನ ನೆನಪಾಗದಿರದು. ಗುಂಡಾಗಿ, ಮೇಲೆ ಕೆಳಗೆ ತುಸು ಚಪ್ಪಟೆಯಾಗಿರುವ ಕಲ್ಲಿನ ನೆತ್ತಿಯ ಮೇಲೆ ಒಂದು ಹಿಡಿ. ಅದರ ತೂಕವು 17ರಿಂದ 20 ಕಿಲೋಗ್ರಾಂಗಳ ನಡುವೆ. ಸುತ್ತಳತೆ 91 ಸೆಂಟಿಮೀಟರುಗಳನ್ನು ಸ್ವಲ್ಪವಷ್ಟೇ ಮೀರಬಹುದು. ಎಲ್ಲ ಬಗೆಯ ಶಿಲೆಯೂ ಇದಕ್ಕೆ ಒಗ್ಗುವುದಿಲ್ಲ. ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ನೀರು ಇಳಿದರೆ, ಅದು ಗಡ್ಡೆಕಟ್ಟಿ ಹಿಗ್ಗಿ ಕಲ್ಲನ್ನು ಒಳಗಿನಿಂದಲೇ ಬಿರಿಯಿಸುತ್ತದೆ. ಕಲ್ಲಿಗೆ ಕಲ್ಲು ಬಡಿದಾಗ ಅಂಚು ಚಕ್ಕೆಯೇಳಲೂ ಬಾರದು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಇರುವ ಐಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ ಗ್ರಾನೈಟ್ ಶಿಲೆಯು ಈ ಎರಡು ದೋಷಗಳಿಂದಲೂ ದೂರವಾದುದು. ಅದರ ಕಣಗಳು ಅತಿ ಸಣ್ಣವು. ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವಂಥವು. ಇಂದಿಗೂ ಒಲಿಂಪಿಕ್ ಕ್ರೀಡಾಕೂಟದ ಕಲ್ಲುಗಳು ಈ ದ್ವೀಪದ ಶಿಲೆಯಿಂದಲೇ ಸಿದ್ಧವಾಗುತ್ತವೆ. ದ್ವೀಪವು ಕಡಲಹಕ್ಕಿಗಳ ಆಶ್ರಯಸ್ಥಾನವಾಗಿರುವುದರಿಂದ ಸಿಡಿಮದ್ದಿಟ್ಟು ಬಂಡೆಯನ್ನು ಒಡೆಯುವುದನ್ನು ಕೈಬಿಟ್ಟು, ಹಿಂದೆ ಒಡೆದು ಬಿದ್ದಿರುವ ಬಂಡೆಗಳನ್ನು ಆಗೊಮ್ಮೆ ಈಗೊಮ್ಮೆ ಸಾಗಿಸಿ ತರುತ್ತಾರೆ.

ಆಟದ ಅಂಕಣವು ಸುಮಾರು 45 ಮೀಟರು ಉದ್ದ, 5 ಮೀಟರು ಅಗಲದ ಮಂಜುಗಡ್ಡೆಯ ಪಟ್ಟಿ. ಎರಡು ತುದಿಗಳಲ್ಲಿಯೂ ಒಂದರೊಳಗೊಂದು ಇರುವ ವೃತ್ತಗಳನ್ನು ಬರೆದಿರುತ್ತಾರೆ. ಅತಿ ಹೊರಗಿನ ವೃತ್ತದ ವ್ಯಾಸವು 12 ಅಡಿ. ಈ ವೃತ್ತಸಮೂಹಕ್ಕೆ ‘ಮನೆ’ ಎಂದು ಹೆಸರು. ಅಂಕಣದ ಮಂಜುಗಡ್ಡೆಯು ಕನ್ನಡಿಯಂತೆ ನುಣುಪಾಗಿರಬೇಕೆಂದು ಯಾರಾದರೂ ಭಾವಿಸಬಹುದು. ವಾಸ್ತವವು ಅದಕ್ಕೆ ವಿರುದ್ಧವಾದುದು. ಆಟಕ್ಕೆ ಮುನ್ನ ಮಂಜುಗಡ್ಡೆಯ ಮೇಲೆ ನೀರಿನ ಸಣ್ಣ ಹನಿಗಳನ್ನು ಸಿಂಪಡಿಸುತ್ತಾರೆ. ಹನಿಗಳು ಬಿದ್ದಲ್ಲಿಯೇ ಗಡ್ಡೆಕಟ್ಟಿ ಸಾವಿರಾರು ಸಣ್ಣ ಗುಬುಟುಗಳಾಗುತ್ತವೆ. ಕಲ್ಲಿನ ತಳವು ಒಳಕ್ಕೆ ತಗ್ಗಾಗಿರುವುದರಿಂದ ಅದರ ಕಿರಿದಾದ ಒಂದು ಉಂಗುರ ಮಾತ್ರ ಈ ಗುಬುಟುಗಳ ನೆತ್ತಿಯನ್ನು ಮುಟ್ಟುತ್ತ ಸಾಗುತ್ತದೆ. ಹೀಗೆ ತಾಗುವ ಜಾಗವು ಕಡಿಮೆಯಾಗಿ, ಘರ್ಷಣೆಯು ತಗ್ಗಿ, 20 ಕಿಲೋಗ್ರಾಂ ಭಾರದ ಕಲ್ಲು ಒಬ್ಬ ಆಟಗಾರನ ಒಂದೇ ನೂಕಿಗೆ 38 ಮೀಟರು ದೂರವನ್ನು ಕ್ರಮಿಸುತ್ತದೆ.

ಪ್ರತಿ ತಂಡದಲ್ಲಿ 4 ಮಂದಿ ಇರುತ್ತಾರೆ. ಒಬ್ಬೊಬ್ಬರು ಎರಡೆರಡು ಕಲ್ಲುಗಳನ್ನು, ಎದುರಾಳಿಯ ಕಲ್ಲಿನೊಡನೆ ಒಂದಾದ ಮೇಲೊಂದರಂತೆ, ಜಾರಿಸುತ್ತಾರೆ. ಎರಡೂ ತಂಡಗಳ 16 ಕಲ್ಲುಗಳು ಮುಗಿದಾಗ ಒಂದು ಸರದಿಯು ಮುಗಿಯುತ್ತದೆ. ಮನೆಯ ನಡುಬಿಂದುವಿಗೆ ಅತ್ಯಂತ ಸಮೀಪದಲ್ಲಿರುವ ಕಲ್ಲು ಯಾವ ತಂಡದ್ದೋ ಆ ತಂಡಕ್ಕೆ ಮಾತ್ರ ಆ ಸರದಿಯಲ್ಲಿ ಅಂಕ. ಎದುರಾಳಿಯ ಅತ್ಯುತ್ತಮ ಕಲ್ಲಿಗಿಂತ ಹತ್ತಿರವಾಗಿ ಎಷ್ಟು ಕಲ್ಲುಗಳಿರುವುವೋ ಅಷ್ಟು ಅಂಕಗಳು ಸಲ್ಲುತ್ತವೆ. ಕೆಂಪು ತಂಡದ 2 ಕಲ್ಲುಗಳು ನಡುಬಿಂದುವಿನ ಬಳಿಯಿದ್ದು, ಮೂರನೆಯ ಸ್ಥಾನದಲ್ಲಿ ಹಳದಿ ತಂಡದ ಕಲ್ಲಿದ್ದರೆ, ಕೆಂಪು ತಂಡಕ್ಕೆ 2 ಅಂಕ. ಹಳದಿ ತಂಡಕ್ಕೆ ಸೊನ್ನೆ. ಪ್ರಮುಖ ಪಂದ್ಯಗಳಲ್ಲಿ ಇಂಥ 10 ಸರದಿಗಳಿರುತ್ತವೆ. ಸರದಿಯ ಕಟ್ಟಕಡೆಯ ಕಲ್ಲನ್ನು ಜಾರಿಸುವ ಅವಕಾಶವು ದೊಡ್ಡ ಅನುಕೂಲ. ಆಟಗಾರರು ಅದನ್ನು ‘ಸುತ್ತಿಗೆ’ ಎಂದು ಕರೆಯುತ್ತಾರೆ. ಅಂಕ ಗಳಿಸಿದ ತಂಡವು ಮುಂದಿನ ಸರದಿಯಲ್ಲಿ ಈ ಸುತ್ತಿಗೆಯನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಗೆದ್ದವನಿಗೆ ಗೆಲುವಿನೊಡನೆಯೇ ಒಂದು ಕಷ್ಟವನ್ನೂ ಒದಗಿಸುವ ನಿಯಮವಿದು.

ಕಲ್ಲನ್ನು ಕೈಬಿಡುವಾಗ ಆಟಗಾರನು ಹಿಡಿಯನ್ನು ತುಸು ತಿರುಗಿಸುತ್ತಾನೆ. ಕಲ್ಲು ಮೆಲ್ಲಗೆ ತಿರುಗುತ್ತ ಸಾಗಿ, ಕೊನೆಗೊನೆಗೆ ಒಂದು ಪಕ್ಕಕ್ಕೆ ಬಾಗುತ್ತದೆ. ಈ ಬಾಗುವಿಕೆಯಲ್ಲೊಂದು ಸೋಜಿಗವಿದೆ. ನುಣುಪಾದ ಮೇಜಿನ ಮೇಲೆ ಲೋಟವೊಂದನ್ನು ಬೋರಲಿಟ್ಟು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿ ಮುಂದಕ್ಕೆ ತಳ್ಳಿದರೆ ಅದು ಎಡಕ್ಕೆ ಬಾಗುತ್ತದೆ. ಅದೇ ದಿಕ್ಕಿಗೆ ತಿರುಗುವ ಕರ್ಲಿಂಗ್ ಕಲ್ಲು ಬಲಕ್ಕೆ ಬಾಗುತ್ತದೆ! ಇದಕ್ಕೆ ಕಾರಣವೇನೆಂಬುದರ ಬಗೆಗೆ ಭೌತಶಾಸ್ತ್ರಜ್ಞರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. ಕಲ್ಲು ಸಾಗುತ್ತಿರುವಾಗ ಇಬ್ಬರು ಆಟಗಾರರು ಪೊರಕೆಗಳನ್ನು ಹಿಡಿದು ಅದರ ಮುಂದೆ ಮಂಜುಗಡ್ಡೆಯನ್ನು ಬಿರುಸಾಗಿ ಉಜ್ಜುತ್ತಾರೆ. ಉಜ್ಜಿದಾಗ ಮೇಲ್ಮೈ ಕೊಂಚ ಬೆಚ್ಚಗಾಗಿ ಘರ್ಷಣೆ ಇಳಿಯುತ್ತದೆ. ಕಲ್ಲು ಹೆಚ್ಚು ದೂರಕ್ಕೂ ಹೆಚ್ಚು ನೇರವಾಗಿಯೂ ಹೋಗುತ್ತದೆ. ದೂರದ ಮನೆಯಲ್ಲಿ ನಿಂತ ನಾಯಕನು ಕೂಗಿ ಆಜ್ಞೆ ಕೊಡುತ್ತಾನೆ. ಕೈಬಿಟ್ಟ ಕಲ್ಲು ಒಬ್ಬನದಾದರೂ ಅದು ಗುರಿ ಮುಟ್ಟುವುದು ನಾಲ್ವರ ದುಡಿಮೆಯಿಂದ.

ಈ ಆಟದ ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಕೆನಡಾ ದೇಶದ್ದು ಹೆಸರುವಾಸಿಯಾದುದು. ಸಾವಿರಾರು ಮೈಲಿಗಳ ಅಂತರದಲ್ಲಿ ಚದುರಿರುವ ಪ್ರಾಂತಗಳ ಆಟಗಾರರನ್ನು ಒಂದೆಡೆ ಕೂಡಿಸುವ ಉದ್ದೇಶದಿಂದ 1927ರಲ್ಲಿ ಟೊರಾಂಟೋ ನಗರದಲ್ಲಿ ಮೊದಲ ಪಂದ್ಯಾವಳಿಯು ನಡೆಯಿತು. ಅದರಲ್ಲಿ ಭಾಗವಹಿಸಿದ ತಂಡಗಳು 8. ನೋವಾ ಸ್ಕೋಷಿಯಾ ಪ್ರಾಂತದ ಮರ್ರೆ ಮ್ಯಾಕ್‌ನೀಲ್ ಎಂಬಾತನ ತಂಡವು ಪ್ರಥಮ ಸ್ಥಾನವನ್ನು ಪಡೆಯಿತು. ಪಂದ್ಯಾವಳಿಗೆ ‘ಬ್ರಯರ್’ ಎಂದು ಹೆಸರು ಬಂದಿತು. ಖರ್ಚನ್ನು ವಹಿಸಿಕೊಂಡಿದ್ದ ತಂಬಾಕು ಕಂಪನಿಯ ಒಂದು ಸರಕಿನ ಹೆಸರದು. 1979ರೊಂದಿಗೆ ಆ ಕಂಪನಿಯ ನಂಟು ಮುಗಿದರೂ ಹೆಸರು ಉಳಿದುಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಿಂದ 1945ರವರೆಗೆ, ಪಂದ್ಯಾವಳಿಯು ನಡೆಯಲಿಲ್ಲ. ಸಸ್ಕ್ಯಾಚೆವಾನ್ ಪ್ರಾಂತದ ಅರ್ನಿ ರಿಚರ್ಡ್‌ಸನ್ ಎಂಬಾತನು ತನ್ನ ತಮ್ಮನನ್ನೂ ದಾಯಾದಿಗಳನ್ನೂ ಕೂಡಿಕೊಂಡು ಕಟ್ಟಿದ ತಂಡವು 1959, 1960, 1962 ಮತ್ತು 1963ರಲ್ಲಿ ಜಯಶಾಲಿಯಾಯಿತು. ಒಂದೇ ಮನೆತನದವರು ಒಂದೇ ಕಲ್ಲಿನ ಹಿಂದೆ ಓಡಿ ದುಡಿದುದನ್ನು ಕೆನಡಾದ ಜನರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ.

ಪಂದ್ಯಾವಳಿಯ ಕೊನೆಯ ಘಟ್ಟದ ಏರ್ಪಾಡು ನಮ್ಮವರಿಗೆ ಪರಿಚಿತವಾದುದೇ. ಮೊದಲೆರಡು ಸ್ಥಾನಗಳ ತಂಡಗಳು ತಮ್ಮೊಳಗೆ ಆಡಿ, ಗೆದ್ದವರು ನೇರವಾಗಿ ಅಂತಿಮ ಪಂದ್ಯಕ್ಕೆ ಹೋಗುತ್ತಾರೆ. ಸೋತವರಿಗೆ ಮತ್ತೊಂದು ಅವಕಾಶವುಂಟು. ಮೂರು ಮತ್ತು ನಾಲ್ಕನೆಯ ಸ್ಥಾನದವರಿಗಾದರೋ ಒಂದು ಸೋಲೇ ಕೊನೆ. ಭಾರತದ ಐಪಿಎಲ್ ಕ್ರಿಕೆಟ್ ಪಂದ್ಯಾವಳಿಯು 2011ರಿಂದ ಇದೇ ಕ್ರಮವನ್ನು ಅನುಸರಿಸುತ್ತಿದೆ. ದಿನದಿನದ ಪರಿಶ್ರಮದಿಂದ ಮೇಲೇರಿದವರನ್ನು ಒಂದು ಗಳಿಗೆಯ ಎಡವಟ್ಟು ಹೊರಗೆ ತಳ್ಳಬಾರದೆಂಬ ನ್ಯಾಯದೃಷ್ಟಿಯು ಇದರ ಹಿಂದಿದೆ.

ಇನ್ನು ಮಹಿಳೆಯರ ಮಾತು. ಮಾಂಟ್ರಿಯಲ್ ನಗರದಲ್ಲಿ ಮಹಿಳೆಯರ ಕರ್ಲಿಂಗ್ ಸಂಘವು 1894ರಲ್ಲಿಯೇ ಹುಟ್ಟಿತ್ತು. ಆದರೂ ಮಹಿಳೆಯರಿಗೆ ರಾಷ್ಟ್ರೀಯ ಪಂದ್ಯಾವಳಿಯು ದೊರೆತದ್ದು 1961ರಲ್ಲಿ; ಎಂದರೆ ಪುರುಷರ ಪಂದ್ಯಾವಳಿಗಿಂತ 34 ವರ್ಷಗಳ ತರುವಾಯ. ಒಟ್ಟಾವ ನಗರದಲ್ಲಿ ನಡೆದ ಆ ಮೊದಲ ಪಂದ್ಯಾವಳಿಯಲ್ಲಿ ಸಸ್ಕ್ಯಾಚೆವಾನ್ ಪ್ರಾಂತದ ಜಾಯ್ಸ್ ಮೆಕ್‌ಕೀ ಎಂಬಾಕೆಯ ತಂಡವು ಗೆದ್ದಿತು. ವಿಶ್ವ ಪಂದ್ಯಾವಳಿಯ ವಿಷಯದಲ್ಲಿಯೂ ಇದೇ ಕಥೆ. ಪುರುಷರದು 1959ರಲ್ಲಿ ಆರಂಭವಾದರೆ ಮಹಿಳೆಯರದು 1979ರಲ್ಲಿ. ಇಷ್ಟು ಕಾಲ ಮಹಿಳೆಯರು ಕಾಯಬೇಕಾದುದಕ್ಕೆ ಆಟದಲ್ಲಿ ಯಾವ ಕಾರಣವೂ ಇರಲಿಲ್ಲ. ಗುಂಡೆಸೆತದಲ್ಲಿ ಮಹಿಳೆಯರ ಗುಂಡು ಹಗುರವಾದುದು. ಕರ್ಲಿಂಗಿನಲ್ಲಾದರೋ ಮಹಿಳೆಗೂ ಪುರುಷನಿಗೂ ಕಲ್ಲು ಒಂದೇ, ತೂಕ ಒಂದೇ, ಅಂಕಣ ಒಂದೇ, ನಿಯಮವೂ ಒಂದೇ. ಬೇರೆಯಾಗಿದ್ದುದು ಸಮಾಜದ ಕಣ್ಣು ಮಾತ್ರ.

ಆ ಕಣ್ಣನ್ನು ತೆರೆಸಿದವರಲ್ಲಿ ಸಾಂಡ್ರಾ ಶ್ಮಿರ್ಲರ್ ಪ್ರಮುಖಳು. 1963ರಲ್ಲಿ ಜನಿಸಿ, ಸಸ್ಕ್ಯಾಚೆವಾನಿನ ಬಿಗ್ಗರ್ ಎಂಬ ಸಣ್ಣ ಊರಿನಲ್ಲಿ ಬೆಳೆದ ಈಕೆಯ ನಾಯಕತ್ವದಲ್ಲಿ ತಂಡವು 1993, 1994 ಮತ್ತು 1997ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ವಿಶ್ವ ಪ್ರಶಸ್ತಿಯನ್ನೂ ಗಳಿಸಿತು. ಒಲಿಂಪಿಕ್ ತಂಡದ ಆಯ್ಕೆಗಾಗಿ 1997ರ ನವೆಂಬರಿನಲ್ಲಿ ಪಂದ್ಯಗಳು ನಡೆದಾಗ ಆಕೆ ಎಳೆಯ ಕೂಸಿನ ತಾಯಿ. ಹೆರಿಗೆಯಾಗಿ ಕೆಲವು ವಾರಗಳಷ್ಟೇ ಕಳೆದಿದ್ದವು. ಅಂತಿಮ ಪಂದ್ಯದಲ್ಲಿ ಆಕೆಯ ಕಲ್ಲು ಬದಿಯಲ್ಲಿದ್ದ ಮತ್ತೊಂದು ಕಲ್ಲಿಗೆ ತಾಗಿ, ದಿಕ್ಕು ಬದಲಿಸಿ ಮನೆಯೊಳಗೆ ಹೊಕ್ಕು, ಎದುರಾಳಿಯ ಕಲ್ಲನ್ನು ಹೊರದೂಡಿತು. ಆ ಒಂದು ಎಸೆತದಿಂದ 3 ಅಂಕಗಳು ದೊರೆತವು. 1998ರಲ್ಲಿ ಜಪಾನಿನ ನಗಾನೋದಲ್ಲಿ ಮಹಿಳೆಯರ ಕರ್ಲಿಂಗಿಗೆ ಮೊದಲ ಬಾರಿಗೆ ಒಲಿಂಪಿಕ್ ಪದಕಗಳು ದೊರೆತಾಗ ಚಿನ್ನವನ್ನು ಪಡೆದವರು ಆಕೆ ಮತ್ತು ಆಕೆಯ ಸಂಗಡಿಗರು. ಆದರೆ ವಿಧಿಯ ಎಣಿಕೆ ಬೇರೆಯೇ ಇದ್ದಿತು. ಅರ್ಬುದ ರೋಗಕ್ಕೆ ತುತ್ತಾಗಿ 2000ದ ಮಾರ್ಚ್ 2ರಂದು, ತನ್ನ 36ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಆಕೆಯ ಅಂತ್ಯಸಂಸ್ಕಾರವನ್ನು ದೂರದರ್ಶನದ ಮೂಲಕ ಇಡೀ ರಾಷ್ಟ್ರವೇ ನೋಡಿತು. ಅದೇ ವೇಳೆಗೆ ಸಸ್ಕಟೂನ್ ನಗರದಲ್ಲಿ ನಡೆಯುತ್ತಿದ್ದ ಪುರುಷರ ಪಂದ್ಯಾವಳಿಯಲ್ಲಿ ಅಂದಿನ ಆಟವನ್ನು ತಡಮಾಡಿ ಆರಂಭಿಸಲಾಯಿತು. ಒಂದು ಕಾಲದಲ್ಲಿ ಮಹಿಳೆಯರಿಗೆ ಸ್ಥಾನವಿಲ್ಲದ ಕ್ಷೇತ್ರದಲ್ಲಿ ಪುರುಷರ ಪಂದ್ಯವೇ ಒಬ್ಬ ಮಹಿಳೆಯ ಗೌರವಾರ್ಥವಾಗಿ ಕಾದು ನಿಂತಿತು. ಆಕೆಯ ಹೆಸರಿನ ಪ್ರತಿಷ್ಠಾನವು ಅಸ್ವಸ್ಥ ನವಜಾತ ಶಿಶುಗಳ ಚಿಕಿತ್ಸೆಗೆ ಬೇಕಾದ ಉಪಕರಣಗಳನ್ನು ಆಸ್ಪತ್ರೆಗಳಿಗೆ ಒದಗಿಸುತ್ತ ಬಂದಿದೆ.

ಕರ್ಲಿಂಗ್ ಆಟಕ್ಕೆ ಭೂಷಣಪ್ರಾಯವಾದ ಗುಣವೊಂದುಂಟು. ಅದು ಆಟಗಾರರ ಸತ್ಯನಿಷ್ಠೆ. ಸಾಗುತ್ತಿರುವ ಕಲ್ಲಿಗೆ ಪೊರಕೆಯೋ ಕಾಲೋ ತಾಗಿದರೆ ಆ ಕಲ್ಲು ಕೆಟ್ಟಂತೆ. ಹಾಗೆ ತಾಗಿದುದನ್ನು ಬೇರೆ ಯಾರೂ ನೋಡದಿದ್ದರೂ ತಾಗಿಸಿದವನು ತಾನಾಗಿಯೇ ಹೇಳಿಬಿಡಬೇಕು. ಅಂಕಗಳನ್ನು ಎರಡೂ ತಂಡದವರೇ ನೋಡಿ ಒಪ್ಪಿಕೊಳ್ಳುತ್ತಾರೆ. ಒಮ್ಮತ ಮೂಡದಿದ್ದಾಗ ಮಾತ್ರ ಅಳತೆಗೋಲು ಬರುತ್ತದೆ. ಗೆಲ್ಲುವ ಆಸೆ ಉಳಿದಿಲ್ಲವೆಂದು ಕಂಡಾಗ ಸೋಲುವ ತಂಡವು ಕೈಕುಲುಕಿ ಆಟವನ್ನು ಮುಗಿಸುತ್ತದೆ. ಎದುರಾಳಿಯು ಎಡವಿದಾಗ ಚಪ್ಪಾಳೆ ತಟ್ಟುವುದು ಅಸಭ್ಯವೆನಿಸುತ್ತದೆ.

ಈ ಸತ್ಯನಿಷ್ಠೆಯು 2015ರಲ್ಲಿ ಕಠಿಣ ಪರೀಕ್ಷೆಗೆ ಒಳಗಾಯಿತು. ಹೊಸಬಗೆಯ ಬಟ್ಟೆಯನ್ನು ಹೊದಿಸಿದ ಪೊರಕೆಗಳು ಮಾರುಕಟ್ಟೆಗೆ ಬಂದವು. ಒರಟಾದ ಆ ಬಟ್ಟೆಯಿಂದ ಉಜ್ಜಿದರೆ ಮಂಜುಗಡ್ಡೆಯ ಮೇಲೆ ಸೂಕ್ಷ್ಮವಾದ ಗೀರುಗಳು ಮೂಡಿ, ಕಲ್ಲನ್ನು ಬೇಕಾದತ್ತ ತಿರುಗಿಸಬಹುದಾಗಿತ್ತು. ಗುರಿ ತಪ್ಪಿ ಎಸೆದ ಕಲ್ಲೂ ಪೊರಕೆಯ ಬಲದಿಂದ ಗುರಿ ಸೇರತೊಡಗಿತು. ಅವುಗಳನ್ನು ನಿಷೇಧಿಸುವ ನಿಯಮವು ಆಗ ಇರಲಿಲ್ಲ. ಆದರೂ ಅನೇಕ ಪ್ರಮುಖ ತಂಡಗಳು ತಾವಾಗಿಯೇ ಮುಂದೆ ಬಂದು, ಇಂಥ ಪೊರಕೆಗಳನ್ನು ಬಳಸುವುದಿಲ್ಲವೆಂದು ಬಹಿರಂಗವಾಗಿ ಸಹಿಮಾಡಿ ಘೋಷಿಸಿದವು. 2016ರಲ್ಲಿ ಪರೀಕ್ಷೆಗಳು ನಡೆದು, ಒಪ್ಪಿಗೆ ಪಡೆದ ಒಂದೇ ಬಗೆಯ ಬಟ್ಟೆಯನ್ನು ಎಲ್ಲರೂ ಬಳಸಬೇಕೆಂಬ ನಿಯಮವು ಜಾರಿಗೆ ಬಂದಿತು. ತಪ್ಪೆಂದು ನಿಯಮವು ಹೇಳುವ ಮೊದಲೇ ಮನಸ್ಸು ಹೇಳಿದ್ದನ್ನು ಆಟಗಾರರು ಕೇಳಿದರು. ಗೆಲುವನ್ನು ತಂದುಕೊಡಬೇಕಾದುದು ಎಸೆಯುವ ಕೈಯ ನೈಪುಣ್ಯವೇ ಹೊರತು ಅಂಗಡಿಯಲ್ಲಿ ಕೊಂಡ ಸಾಧನವಲ್ಲವೆಂಬುದು ಅವರ ನಿಲುವಾಗಿತ್ತು.

ಆಟದ ಬಾಗಿಲು ಇಂದು ಇನ್ನಷ್ಟು ಅಗಲವಾಗಿ ತೆರೆದಿದೆ. 2006ರಿಂದ ಗಾಲಿಕುರ್ಚಿಯ ಕರ್ಲಿಂಗ್ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಸೇರಿದೆ. ಅಲ್ಲಿ ಸ್ತ್ರೀಪುರುಷರು ಒಂದೇ ತಂಡದಲ್ಲಿ ಕೂಡಿ ಆಡುತ್ತಾರೆ. ಉಜ್ಜುವವರು ಇಲ್ಲದ ಕಾರಣ, ಕೋಲಿನಿಂದ ಕಲ್ಲನ್ನು ನೂಕುವ ಆಟಗಾರನ ಅಂದಾಜು ಕೂದಲೆಳೆಯಷ್ಟೂ ತಪ್ಪುವಂತಿಲ್ಲ. 2018ರಿಂದ ಒಬ್ಬ ಪುರುಷ ಹಾಗೂ ಒಬ್ಬ ಮಹಿಳೆಯ ಜೋಡಿಯಾಟವು ಒಲಿಂಪಿಕ್ ಕ್ರೀಡೆಯಾಗಿದೆ.

ಕರ್ಲಿಂಗಿನ ಹತ್ತಿರದ ಬಂಧುವೆನ್ನಬಹುದಾದ ಲಾನ್ ಬೌಲ್ಸ್ ಆಟದಲ್ಲಿ ಭಾರತೀಯರು ಹಿರಿದಾದ ಸಾಧನೆಯನ್ನು ಮಾಡಿದ್ದಾರೆ. ಅದು ಹಸಿರು ಹುಲ್ಲುಹಾಸಿನ ಮೇಲೆ ಬಾಗುತ್ತ ಸಾಗುವ ಚೆಂಡುಗಳನ್ನು ಸಣ್ಣದೊಂದು ಗುರಿಚೆಂಡಿನ ಬಳಿಗೆ ಉರುಳಿಸುವ ಆಟ. 2022ರ ಆಗಸ್ಟ್ 2ರಂದು ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ ಮತ್ತು ರೂಪಾರಾಣಿ ತಿರ್ಕಿ ಇವರ ತಂಡವು ದಕ್ಷಿಣ ಆಫ್ರಿಕವನ್ನು 17-10 ಅಂಕಗಳಿಂದ ಸೋಲಿಸಿ ಚಿನ್ನದ ಪದಕವನ್ನು ಗೆದ್ದಿತು. ಅದೇ ಕೂಟದಲ್ಲಿ ನಾಲ್ವರ ಪುರುಷರ ತಂಡವು ಬೆಳ್ಳಿಯನ್ನು ಪಡೆಯಿತು. ಅದುವರೆಗೆ ಆ ಆಟದ ಹೆಸರನ್ನೇ ಕೇಳದಿದ್ದ ಲಕ್ಷಾಂತರ ಭಾರತೀಯರು ಅಂದು ಅದನ್ನು ಮೊದಲ ಬಾರಿಗೆ ಕಣ್ತುಂಬ ನೋಡಿದರು.

ಹೀಗೆ ಯಾವ ಆಟವೂ ಒಂದು ನಾಡಿನ ಸ್ವತ್ತಾಗಿ ಉಳಿಯುವುದಿಲ್ಲ. ಮಂಜಿನ ನಾಡಿನಲ್ಲಿ ಹುಟ್ಟಿದ ಆಟಕ್ಕೂ ಬಿಸಿಲ ನಾಡಿನ ಗೋಲಿಯಾಟಕ್ಕೂ ಬೇಕಾಗುವ ಗುಣಗಳು ಒಂದೇ: ಗುರಿಯಲ್ಲಿ ನಟ್ಟ ಕಣ್ಣು, ಅಳತೆಯರಿತ ಕೈ, ಸಂಗಡಿಗನಲ್ಲಿ ನಂಬಿಕೆ, ಎದುರಾಳಿಯಲ್ಲಿ ಗೌರವ. ಕಲ್ಲು ಜಾರಿ ನಿಂತ ಮೇಲೆ ಗೆಲುವು ಒಬ್ಬರದು, ಸೋಲು ಇನ್ನೊಬ್ಬರದು. ತಪ್ಪನ್ನು ತಾನೇ ಹೇಳಿಕೊಂಡು ಆಡಿದವನ ಘನತೆಯಾದರೋ ಎರಡು ಪಕ್ಷದಲ್ಲಿಯೂ ಕುಂದುವುದಿಲ್ಲ.

ಅಭ್ಯಾಸ

1. ಆಟದ ಕಲ್ಲಿಗೆ ಐಲ್ಸಾ ಕ್ರೇಗ್ ದ್ವೀಪದ ಶಿಲೆಯು ಏಕೆ ಯೋಗ್ಯವಾಗಿದೆ?
2. ಮಂಜುಗಡ್ಡೆಯ ಮೇಲೆ ನೀರಿನ ಹನಿಗಳನ್ನು ಸಿಂಪಡಿಸುವುದರ ಪ್ರಯೋಜನವೇನು?
3. ‘ಬೇರೆಯಾಗಿದ್ದುದು ಸಮಾಜದ ಕಣ್ಣು ಮಾತ್ರ’ ಎಂಬ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
4. 2015ರಲ್ಲಿ ಆಟಗಾರರು ಸಹಿಮಾಡಿದ ಘೋಷಣೆಯು ಅವರ ಯಾವ ಗುಣವನ್ನು ತೋರಿಸುತ್ತದೆ?
5. ನಿಮ್ಮ ಊರಿನಲ್ಲಿ ಆಡುವ ಯಾವುದಾದರೊಂದು ಆಟವನ್ನು ಕರ್ಲಿಂಗ್ ಆಟದೊಡನೆ ಹೋಲಿಸಿ ಒಂದು ಪುಟದಷ್ಟು ಬರೆಯಿರಿ.